ಅಕ್ಕನ ಕಾರಿನ ಕೆಂಪು ಕಣ್ಣು

ನನ್ನ ಒಡಹುಟ್ಟಿದ ಅಕ್ಕ ತನ್ನ ಕಾರು ಕೆಟ್ಟಾಗ ಮೊದಲು ಹೋದದ್ದು ಬೇರೆಯವನ ಗ್ಯಾರೇಜಿಗೆ. ಇದನ್ನು ನಾನು ಇವತ್ತಿಗೂ ನುಂಗಿಕೊಂಡಿಲ್ಲ, ಮುಂದೆಯೂ ನುಂಗುವುದಿಲ್ಲ. ಅವಳ ಮನೆಯಿಂದ ನನ್ನ ಕಾರು ರಿಪೇರಿಯ ಶೆಡ್ಡಿಗೆ ಒಂದು ಬೀದಿ, ಒಂದು ತಿರುವು. ಸ್ವಂತ ತಮ್ಮ ಹಲ್ಲಿನ ಡಾಕ್ಟರಾಗಿರುವಾಗ ಯಾರಾದರೂ ಆಚೆ ಬೀದಿಗೆ ಹೋಗಿ ಬಾಯಿ ತೆರೆಯುತ್ತಾರೆಯೇ? ಅವಳು ತೆರೆದಳು. ಅದೂ ಯಾರ ಮುಂದೆ? ಬಿಳಿ ಅಂಗಿ ಹಾಕಿಕೊಂಡು ಗ್ಯಾರೇಜು ನಡೆಸುವವನ ಮುಂದೆ. ಗ್ಯಾರೇಜಿನಲ್ಲಿ ಬಿಳಿ ಅಂಗಿ ಸಂಜೆಯವರೆಗೂ ಬಿಳಿಯಾಗಿಯೇ ಉಳಿದರೆ ಅಲ್ಲಿ ಎಂಥ ಕೆಲಸ ನಡೆಯುತ್ತದೆ ಎಂದು ನೀವೇ ಯೋಚಿಸಿ. ನಮ್ಮ ಬೀದಿಯವರು ಅವನನ್ನು ‘ಬಿಳಿ ಅಂಗಿ’ ಎಂದೇ ಕರೆಯುವುದು. ನಾನು ಬೇರೆ ಏನೇನೋ ಕರೆಯುತ್ತೇನೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಅಕ್ಕ ಡ್ರೈವಿಂಗ್ ಕಲಿಸುವವಳು. ಕಾರು ಮೊದಲು ಭಾವನದು. ಅವರು ಅದನ್ನು ಕೊಂಡಾಗಲೇ ಅದು ಹಳೆಯದಾಗಿತ್ತು. ಗುಂಡು ದೀಪ, ದುಂಡು ಬೆನ್ನು, ಬಾಗಿಲು ಹಾಕಿದರೆ ಕಬ್ಬಿಣದ ಬೀರುವಿನ ಸದ್ದು. ಬಾಡಿಗೆ ಓಡಿಸಿ ಸಂಸಾರ ಸಾಗಿಸಿದರು. ಭಾವ ಯಾವುದನ್ನೂ ಎಸೆಯದ ಮನುಷ್ಯ. ಹರಿದ ಚಪ್ಪಲಿ, ಮುರಿದ ಛತ್ರಿ, ಬಾರದ ರೇಡಿಯೋ, ಎರಡು ದಿನಕ್ಕೆಂದು ಬಂದು ವರ್ಷ ಕೂತ ನೆಂಟರು, ಎಲ್ಲವೂ ಎಲ್ಲರೂ ಅವರ ಮನೆಯಲ್ಲಿ ಇರುತ್ತಿದ್ದರು. “ಇರಲಿ ಬಿಡು, ಅದರ ಪಾಡಿಗೆ ಅದಿರುತ್ತೆ” ಎನ್ನುವುದು ಅವರ ಮಾತು. ಅವರು ತೀರಿಕೊಂಡ ಮೇಲೆ ನಾವೆಲ್ಲ ಕೂತು ಕಾರು ಮಾರಿಬಿಡು ಎಂದೆವು. ಅಕ್ಕ ಎಲ್ಲರಿಗೂ ಟೀ ಕೊಟ್ಟು, ಎಲ್ಲರ ಮಾತೂ ಕೇಳಿ, ಕೊನೆಗೆ, “ಮಾರಿದ ದುಡ್ಡು ಎಷ್ಟು ದಿನ ಓಡುತ್ತೆ? ಕಾರಾದರೆ ದಿನಾ ಓಡುತ್ತೆ” ಎಂದಳು. ಲೋಟ ಎತ್ತಿಕೊಂಡು ಒಳಗೆ ಹೋದಳು. ಮಾತುಕತೆ ಅಲ್ಲಿಗೆ ಮುಗಿಯಿತು.

ಮರುವಾರ ನನ್ನ ಕೈಯಲ್ಲೇ ಪಕ್ಕದ ಸೀಟಿನ ಕೆಳಗೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ವೆಲ್ಡ್ ಮಾಡಿಸಿಕೊಂಡಳು. ಕಾರಿನ ತಲೆಯ ಮೇಲೆ ‘ಕಲಿಯುತ್ತಿದ್ದಾರೆ, ತಾಳ್ಮೆ ಇರಲಿ’ ಎಂದು ಹಲಗೆ ಬರೆಸಿದಳು. ಕೈಯಲ್ಲಿ ಒಂದು ಮರದ ಸ್ಕೇಲು. ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಟ್ಟುಕೊಂಡು ಕೂರುವವರ ಮಂಡಿಗೆ ಅದರಿಂದ ಮೆಲ್ಲಗೆ ತಟ್ಟಿ, “ಅದೇನು ದಿಂಬಾ? ಕಾಲು ಮಲಗಿಸಬೇಡ” ಎನ್ನುವಳು. ಬೇರೆ ಕಡೆ ನಿಮಗೆ ಬರುವುದಿಲ್ಲ ಎಂದು ಕಳಿಸಿಬಿಟ್ಟವರೆಲ್ಲ ಅವಳ ಹತ್ತಿರ ಬರುತ್ತಿದ್ದರು. ಕೈ ನಡುಗುವ ಮುದುಕರು, ಗಂಡ ಬೈದು ಬೈದು ಹೆದರಿಸಿಟ್ಟ ಹೆಂಗಸರು, ಎಡ ಬಲ ತಿಳಿಯದ ಒಬ್ಬ ಲೆಕ್ಕದ ಮೇಷ್ಟ್ರು. ಈ ಊರಿನ ರಸ್ತೆಯಲ್ಲಿ ಕೈ ತೋರಿಸಿ ತಿರುಗುವವರೆಲ್ಲ ಅವಳ ಶಿಷ್ಯರು. ತೋರಿಸದೆ ತಿರುಗುವವರು ಬಿಳಿ ಅಂಗಿಯ ಗಿರಾಕಿಗಳು.

ಅವಳ ಪಾಠವೆಲ್ಲ ಒಂದೇ ಮಾತು: “ತಪ್ಪು ಮಾಡು, ಆದರೆ ನಿಧಾನವಾಗಿ ಮಾಡು.” ನನಗೂ ಸ್ಟಿಯರಿಂಗು ಹಿಡಿಯಲು ಕಲಿಸಿದ್ದು ಅವಳೇ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವನಿಗೆ ಅದೊಂದೇ ಪಾಠ ತಲೆಗೆ ಹತ್ತಿದ್ದು. ಆದರೆ ಇಷ್ಟು ವರ್ಷದಲ್ಲಿ ಒಂದು ದಿನವೂ ನೀನು ಚೆನ್ನಾಗಿ ಓಡಿಸ್ತೀಯ ಅಂದವಳಲ್ಲ. ‘ಪರವಾಗಿಲ್ಲ’ ಎನ್ನುತ್ತಾಳೆ. ಅದರ ಮೇಲೆ ಅವಳ ನಾಲಗೆ ಏರುವುದಿಲ್ಲ.

ಅವಳ ಕಾರಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಬೆಳಿಗ್ಗೆ ಎಂಜಿನ್ ಶುರುಮಾಡಿದ ಕೂಡಲೇ ಮುಂದಿನ ಫಲಕದಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿಕೊಂಡಿರುತ್ತದೆ. ಎಣ್ಣೆ ಎಂಜಿನ್ನಿನ ಒಳಗೆಲ್ಲ ಏರಿತು ಎಂದಾಗ ಅದು ಆರುತ್ತದೆ. ಅಲ್ಲಿಯವರೆಗೆ ಯಾರೂ ಗೇರು ಮುಟ್ಟುವಂತಿಲ್ಲ. “ಕೆಂಪು ಕಣ್ಣು ಮುಚ್ಚಲಿ” ಎನ್ನುವಳು. ಕಲಿಯುವವರು ಕೈಕಟ್ಟಿ ಕೂರಬೇಕು. ಭಾವನ ಕಾಲದಿಂದಲೂ ಅದು ಕೊಂಚ ಸೋಮಾರಿ ಕಣ್ಣೇ. ಆದರೆ ಆ ವರ್ಷ ತೀರಾ ತಡವಾಗತೊಡಗಿತು. ಆಮೇಲೆ ಎಂಜಿನ್ನಿನ ಒಳಗಿಂದ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಕಟಕಟ ಸದ್ದು ಬೇರೆ. ಅದನ್ನು ಕೇಳಿ ಅಕ್ಕ ಹೋದದ್ದು ಬಿಳಿ ಅಂಗಿಯ ಹತ್ತಿರ.

ಇದೆಲ್ಲ ನನಗೆ ಗೊತ್ತಾದದ್ದು ಶನಿವಾರ ಬೆಳಿಗ್ಗೆ, ನನ್ನ ಹೆಂಡತಿಯ ಬಾಯಿಂದ. ಅವಳು ಬ್ರೆಡ್ಡು ತರಲು ಹೋದವಳು ಬ್ರೆಡ್ಡಿಲ್ಲದೆ ಬಂದಳು.

“ರೀ, ಕೂಗಾಡಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ.”

“ನಾನ್ಯಾವಾಗ ಕೂಗಾಡಿದ್ದೀನಿ?” ಎಂದು ಕೂಗಿದೆ.

“ಸರಿ, ಈಗಲೇ ಶುರು. ಅತ್ತಿಗೆ ಕಾರು ಮಾರ್ತಾರಂತೆ. ಬಿಳಿ ಅಂಗಿ ಹತ್ತಿರ ತೋರಿಸಿದರಂತೆ. ಬೇರಿಂಗ್ ಹೋಗಿದೆ, ಎಂಜಿನ್ ಮುಗೀತು, ಇದರ ಸಾಮಾನು ಎಲ್ಲೂ ಸಿಗಲ್ಲ ಅಂದನಂತೆ. ದೊಡ್ಡ ರಸ್ತೆಯ ಹೋಟೆಲಿನವರು ಸೋಮವಾರ ಬಂದು ಎಳಕೊಂಡು ಹೋಗ್ತಾರಂತೆ.”

“ಹೋಟೆಲಿನವನಿಗೆ ಓಡದ ಕಾರು ಯಾಕೆ?”

“ಬಾಗಿಲ ಮುಂದೆ ನಿಲ್ಲಿಸಿ ಒಳಗೆಲ್ಲ ಹೂಕುಂಡ ಇಡ್ತಾರಂತೆ. ಜನ ನಿಂತು ಫೋಟೋ ತೆಗೆಸ್ಕೋತಾರಲ್ಲ, ಅದಕ್ಕೆ.”

ನಾನು ಚಪ್ಪಲಿ ಮೆಟ್ಟಿದ್ದು ನೆನಪಿದೆ. ಬಲಗಾಲಿಗೆ ನನ್ನದು, ಎಡಗಾಲಿಗೆ ಹೆಂಡತಿಯದು ಎಂದು ಗೊತ್ತಾದದ್ದು ಅಕ್ಕನ ಗೇಟು ಮುಟ್ಟಿದ ಮೇಲೆ.

ಅಕ್ಕ ಅಂಗಳದಲ್ಲಿ ತೋಳು ಮಡಚಿಕೊಂಡು ಕಾರು ತೊಳೆಯುತ್ತಿದ್ದಳು. ಸೋಪು ಹಾಕಿ, ಚಕ್ರದ ಸಂದಿಯನ್ನೂ ಬಿಡದೆ, ಊರಿಗೆ ಕಳಿಸುವ ಮಗುವಿನ ಕಿವಿ ತಿಕ್ಕುವ ಹಾಗೆ ತಿಕ್ಕುತ್ತಿದ್ದಳು. ತಲೆಯ ಮೇಲಿನ ಹಲಗೆ ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಆ ಹಲಗೆ ನೋಡಿ ನನಗೆ ಕೋಪ ಬಂತು.

“ಏನಕ್ಕಾ ಇದು? ನಾನು ಸತ್ತು ಹೋಗಿದ್ದೀನಾ? ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದರಂತೆ. ತಮ್ಮ ಇಲ್ಲೇ ಬಿದ್ದಿರುವಾಗ ಆ ಇಸ್ತ್ರಿ ಅಂಗಡಿಗೆ ಹೋಗಿದ್ದೀಯಲ್ಲ!”

“ಬಂದ್ಯಾ? ಆ ಪೈಪು ಹಿಡಿ. ಚಪ್ಪಲಿ ಯಾರದೋ?”

“ಚಪ್ಪಲಿ ಬಿಡು! ನನ್ನ ಹತ್ತಿರ ಯಾಕೆ ಬರಲಿಲ್ಲ?”

ಅವಳು ಬಟ್ಟೆ ಹಿಂಡಿದಳು. “ನೀನು ಕಾರು ನೋಡೋಕೆ ಮುಂಚೆ ನನ್ನ ಬೈತೀಯ. ಈಗ ನೋಡು, ಕಾರು ಇನ್ನೂ ನೋಡೇ ಇಲ್ಲ.”

ನಾನು ಪೈಪು ಎಸೆದು ಕೀಲಿ ಕಿತ್ತುಕೊಂಡು ಕೂತೆ. ಶುರುಮಾಡಿದೆ. ಕೆಂಪು ಕಣ್ಣು ನನ್ನನ್ನೇ ದುರುಗುಟ್ಟಿತು. ಕಟಕಟ ಬಡಿತ ಕೇಳಿ ಒಂದು ಗಳಿಗೆ ನನಗೂ ಅನುಮಾನ ಬಂತು. ಬೇರಿಂಗ್ ಹೋಗಿದ್ದೇ ಆದರೆ ಬಿಳಿ ಅಂಗಿ ಹೇಳಿದ್ದು ನಿಜ, ನನ್ನ ಕೈಯಲ್ಲೂ ಏನೂ ಇಲ್ಲ. ಅಕ್ಕ ಬಕೆಟ್ಟು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು, ಕಾರನ್ನಲ್ಲ. ಕಣ್ಣು ಆರಿತು. ಅದು ಆರಿದ್ದೇ ತಡ ಬಡಿತವೂ ನಿಂತಿತು. ಎಂಜಿನ್ ಬೆಕ್ಕಿನ ಹಾಗೆ ಗುರ್ ಎನ್ನತೊಡಗಿತು. ಕಾಲೊತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಬಡಿತವಿಲ್ಲ.

“ಬೇರಿಂಗ್ ಸತ್ತಿದ್ದರೆ ಎಣ್ಣೆ ಬಂದ ಮೇಲೂ ಬಡೀಬೇಕು,” ಎಂದೆ. “ಇದು ರಾತ್ರಿಯೆಲ್ಲ ಎಣ್ಣೆ ಕೆಳಗಿಳಿದು, ಬೆಳಿಗ್ಗೆ ಒಣಗಿದ ಗಂಟಲಲ್ಲಿ ಕೂಗೋದು. ಫಿಲ್ಟರ್ ಕಡೆ ಏನೋ ಇದೆ. ನೆಗಡಿ ಬಂತು ಅಂತ ಮೂಗು ಕೊಯ್ಯೋಕೆ ಹೊರಟಿದ್ದಾನೆ ಅವನು.”

“ಖಂಡಿತಾನಾ?”

“ಇನ್ನೂ ಇಲ್ಲ. ಫಿಲ್ಟರ್ ಬಿಚ್ಚಿ ನೋಡಬೇಕು.”

ಅವಳೇ ಓಡಿಸಿಕೊಂಡು ಬಂದಳು. ನಾನು ಪಕ್ಕದಲ್ಲಿ ಕೂತು ಅವಳ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟೆ. ಸ್ಕೇಲಿನಿಂದ ಮಂಡಿಗೆ ಏಟು ಬಿತ್ತು.

ಆ ಕಾಲದ ಫಿಲ್ಟರು ಈಗಿನಂತಲ್ಲ. ಎಂಜಿನ್ನಿನ ಪಕ್ಕದಲ್ಲಿ ಒಂದು ಕಬ್ಬಿಣದ ಬಟ್ಟಲು, ಅದರೊಳಗೆ ಎಣ್ಣೆ ಸೋಸುವ ಮಡಿಕೆ ಕಾಗದ, ಎಲ್ಲವನ್ನೂ ಹಿಡಿದಿಡಲು ನಡುವೆ ಒಂದು ಉದ್ದ ಬೋಲ್ಟು. ಬಟ್ಟಲಿನ ಅಂಚು ಎಂಜಿನ್ನಿನಲ್ಲಿರುವ ದುಂಡು ಗಾಡಿಯೊಳಗೆ ಕೂರುತ್ತದೆ. ಗಾಡಿ ಎಂದರೆ ಓಡುವ ಗಾಡಿಯಲ್ಲ, ನಾವು ಗೆರೆಯಂತೆ ಕೊರೆದ ಕಾಲುವೆಗೆ ಹೇಳುವುದು. ಅದರಲ್ಲಿ ಒಂದು ರಬ್ಬರ್ ರಿಂಗು. ಆ ರಿಂಗು ಸರಿಯಿದ್ದರೆ ಎಣ್ಣೆ ನಿಲ್ಲುತ್ತದೆ, ಇಲ್ಲದಿದ್ದರೆ ಸೋರುತ್ತದೆ. ನಾನು ಬಟ್ಟಲು ಇಳಿಸಿ, ಕಾಗದ ಕುಯ್ದು, ಮಡಿಕೆ ಬಿಡಿಸಿ ಬಿಸಿಲಿನಲ್ಲಿ ಹರಡಿದೆ. ಬೇರಿಂಗ್ ಸವೆದಿದ್ದರೆ ಅದರ ಪುಡಿ ಎಣ್ಣೆಯಲ್ಲಿ ಬಂದು ಕಾಗದದಲ್ಲಿ ಮಿಣಮಿಣ ಹೊಳೆಯಬೇಕು. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು. ನಾನು ಕಣ್ಣು ಕಿರಿದು ಮಾಡಿದೆ. ಕಪ್ಪು ಕೊಳೆ, ಕೊಳೆ, ಮತ್ತೂ ಕೊಳೆ. ಒಂದು ಮಿಣುಕೂ ಇಲ್ಲ.

“ಅಕ್ಕಾ, ನಿನ್ನ ಎಂಜಿನ್ ಗಟ್ಟಿಯಾಗಿದೆ.”

ಅವಳು ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟಳು. ನಗಲೂ ಇಲ್ಲ, ಅಳಲೂ ಇಲ್ಲ. “ಒಂದು ಲೋಟ ನೀರು ಕೊಡು” ಎಂದಳು.

ಆದರೆ ಕೆಲಸ ಮುಗಿದಿರಲಿಲ್ಲ. ಬಟ್ಟಲಿನ ಅಂಚು ಎಳೆದೆಳೆದು ಬಿಗಿದು ಸೊಟ್ಟಗಾಗಿತ್ತು. ಬೇರೆ ಬಟ್ಟಲಾಗಲಿ, ಆ ಅಳತೆಯ ಕಾಗದವಾಗಲಿ ಯಾವ ಅಂಗಡಿಯಲ್ಲೂ ಇಲ್ಲ. ಇದ್ದ ದಾರಿ ಒಂದೇ. ಬಟ್ಟಲಿನ ಜಾಗಕ್ಕೆ ಕೂರುವ ಹಾಗೆ ಅಲ್ಯೂಮಿನಿಯಂ ತಟ್ಟೆಯೊಂದನ್ನು ಲೋಹ ಕಡೆಯುವ ಲೇತು ಯಂತ್ರದಲ್ಲಿ ತಿರುವಿಸಿ, ಅದಕ್ಕೆ ಈಗಿನ ಡಬ್ಬಿ ಫಿಲ್ಟರು ತಿರುಗಿಸಿ ಹಾಕುವುದು. ಡಬ್ಬಿಯೊಳಗೆ ರಬ್ಬರಿನ ಒಂದು ಬಾಗಿಲಿರುತ್ತದೆ. ಎಂಜಿನ್ ನಿಂತರೂ ಎಣ್ಣೆ ಹಿಂದಕ್ಕೆ ಇಳಿಯಲು ಅದು ಬಿಡುವುದಿಲ್ಲ.

ಲೇತು ನನ್ನ ಪಕ್ಕದ ಶೆಡ್ಡಿನವನದು. ಅವನ ಹೆಸರು ಅರ್ಧನೂಲು. ನೂಲು ಎಂದರೆ ನಮ್ಮ ಕಸುಬಿನ ಸಣ್ಣ ಅಳತೆ, ಒಂದು ದಾರದ ದಪ್ಪದಷ್ಟು ಅನ್ನಿ. ಯಾವ ಕೆಲಸ ಕೊಟ್ಟರೂ, ಯಾರೇ ಕೊಟ್ಟರೂ, ಅವನು ಕೊನೆಗೆ ತಲೆ ಕೆರೆದುಕೊಂಡು “ಅರ್ಧ ನೂಲು ಹೆಚ್ಚೂ ಕಮ್ಮಿ ಇದೆ” ಎನ್ನುತ್ತಾನೆ. ಅವನ ಮಗಳು ಹುಟ್ಟಿದಾಗಲೂ ನೋಡಿ ಹಾಗೇ ಅಂದನಂತೆ. ಹಾಗಾಗಿ ಅವನ ಅರ್ಧ ನೂಲನ್ನು ನಾವು ಕಿವಿಗೆ ಹಾಕಿಕೊಳ್ಳುವುದು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅವನು ಹಳೇ ಬಟ್ಟಲಿನ ಸೊಟ್ಟಗಾಗದ ಕಡೆಯ ಅಂಚನ್ನು ಅಳೆದುಕೊಂಡು ತಟ್ಟೆ ತಿರುವಿ ತಂದ. ನಾನು ಹೊಸ ರಿಂಗು ಇಟ್ಟು, ತಟ್ಟೆ ಕೂರಿಸಿದೆ. ಅವನು ಬಗ್ಗಿ ನೋಡಿ ತಲೆ ಕೆರೆದ.

“ಮೇಸ್ತ್ರಿ, ಅರ್ಧ ನೂಲು ಎತ್ತರ ನಿಂತಿದೆ.”

“ಶುರುವಾಯ್ತು ಇವನ ಜಪ. ಬೋಲ್ಟು ಎಳೆದರೆ ಕೂರುತ್ತೆ ಬಿಡು.”

“ಇಲ್ಲ ಮೇಸ್ತ್ರಿ, ಈ ಸಲ ನಿಜವಾಗ್ಲೂ...”

“ನಿನ್ನ ಮದುವೆ ದಿನವೂ ನಿಜವಾಗ್ಲೂ ಅಂದಿದ್ದೆ. ಸರಿ ಆಚೆ.”

ಬೋಲ್ಟು ಎಳೆದೆ, ಡಬ್ಬಿ ಹಾಕಿದೆ, ಎಣ್ಣೆ ತುಂಬಿದೆ. ಅಕ್ಕನಿಗೆ ಶುರುಮಾಡು ಎಂದೆ. ಎಂಜಿನ್ ಎದ್ದದ್ದೇ ತಡ, ತಟ್ಟೆಯ ಸುತ್ತ ಎಣ್ಣೆ ಕಾರಂಜಿಯಾಗಿ ಚಿಮ್ಮಿತು. ನನ್ನ ಎದೆ, ಮುಖ, ಅರ್ಧನೂಲಿನ ಹೊಸ ಕನ್ನಡಕ, ಗೋಡೆಯ ಮೇಲಿನ ಕ್ಯಾಲೆಂಡರು, ಯಾವುದನ್ನೂ ಬಿಡಲಿಲ್ಲ. “ನಿಲ್ಲಿಸು, ನಿಲ್ಲಿಸು!” ಎಂದು ಕೂಗಿದೆ. ಬಾಯೊಳಗೂ ಹೋಯಿತು.

ಆಮೇಲೆ ನಾನು ಅರ್ಧನೂಲಿಗೆ ಅಂದ ಮಾತೆಲ್ಲ ಬೇಡ. ಅವನ ಲೇತು, ಅವನಿಗೆ ಲೇತು ಕಲಿಸಿದ ಗುರು, ಅವನಿಗೆ ಕನ್ನಡಕ ಕೊಟ್ಟ ಡಾಕ್ಟರು, ಯಾರೂ ಉಳಿಯಲಿಲ್ಲ. ಅವನು ಕನ್ನಡಕ ಒರೆಸಿಕೊಂಡು, “ಅರ್ಧ ನೂಲು ಅಂದಿದ್ದೆ” ಎಂದು ಮಾತ್ರ ಹೇಳಿ ಮುಖ ಊದಿಸಿಕೊಂಡು ನಿಂತ. ನನಗೆ ಬೋಲ್ಟು ಇನ್ನೂ ಎಳೆಯಬೇಕೆಂದು ಕೈ ತುರಿಸುತ್ತಿತ್ತು. ಉದ್ದ ಸ್ಪ್ಯಾನರಿಗೆ ಪೈಪು ಸಿಕ್ಕಿಸಿದೆ.

“ಪೈಪು ಕೆಳಗಿಡು,” ಎಂದಳು ಅಕ್ಕ. ಜೋರಾಗಿ ಅಲ್ಲ. ಮೊದಲ ದಿನ ಸ್ಟಿಯರಿಂಗು ಹಿಡಿದವರಿಗೆ ಹೇಳುವ ದನಿ ಅದು. “ಬೋಲ್ಟು ಮುರಿದರೆ ಸೋಮವಾರ ಹೂಕುಂಡವೇ ಗತಿ. ಬಿಚ್ಚು. ನಿಧಾನವಾಗಿ ನೋಡೋಣ.”

ಬಿಚ್ಚಿದೆ. ಹೊಸ ರಿಂಗು ತೆಗೆದೆ. ಗಾಡಿಯೊಳಗೆ ಬೆರಳಾಡಿಸಿದೆ. ತಳ ಗಟ್ಟಿಯಾಗಿ, ನುಣ್ಣಗೆ, ಕಬ್ಬಿಣವೇ. “ನೋಡು, ಕ್ಲೀನಾಗಿದೆ” ಎಂದೆ. ಅವಳು ತಲೆಯಿಂದ ಒಂದು ಪಿನ್ನು ಕಿತ್ತು, ಬಗ್ಗಿ, ಆ ತಳವನ್ನು ಕೆರೆದಳು. ಕೆರೆದಳು, ನಿಂತಳು, ಮತ್ತೆ ಕೆರೆದಳು. ಅಷ್ಟು ಹೊತ್ತು ನನ್ನ ಮೈಯಲ್ಲಿ ಇರುವೆ ಹರಿದಂತಿತ್ತು. ಪಿನ್ನಿನ ತುದಿಗೆ ಕಪ್ಪು ಚಕ್ಕೆಯೊಂದು ಅಂಟಿಕೊಂಡು ಬಂತು. ಅವಳು ಅದನ್ನು ಉಗುರಿನಲ್ಲಿ ಮುರಿದಳು.

“ಕಬ್ಬಿಣ ಹೀಗೆ ಮುರಿಯುತ್ತೇನೋ?”

ನಾನು ಚೂಪು ಕೊಕ್ಕೆ ತಂದು ಮೀಟಿದೆ. ಕಲ್ಲಾಗಿದ್ದ ರಬ್ಬರು ಬಳೆ ಚೂರಿನಂತೆ ಎದ್ದು ಬಂತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು, ಅದು ಸುಟ್ಟ ಇದ್ದಿಲಿನ ಹಾಗೆ. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದು, ಅದರ ಮೇಲೆ ಇನ್ನೂ ಹೊಸದು ಕೂರಿಸಿದ್ದರು. ಕಾಲುವೆ ತುಂಬಿಹೋಗಿತ್ತು. ಅಂಚು ಒಳಗೆ ಇಳಿಯಲು ಜಾಗವೇ ಇರಲಿಲ್ಲ. ಇಷ್ಟು ವರ್ಷವೂ ಬರೀ ಬೋಲ್ಟಿನ ಬಲದಲ್ಲಿ ಆ ಬಟ್ಟಲು ಹಲ್ಲು ಕಚ್ಚಿ ನಿಂತಿತ್ತು.

“ಯಾವ ಕತ್ತೆ ಮಾಡಿದ ಕೆಲಸ ಇದು?” ಎಂದು ಶುರುಮಾಡಿದೆ. “ಹಳೇದು ತೆಗೀಬೇಕು ಅನ್ನೋ ಜ್ಞಾನ ಬೇಡವಾ? ಯಾವನು...”

ಅಕ್ಕನ ಮುಖ ನೋಡಿ ಬಾಯಿ ನಿಂತಿತು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ಬೈಯಿ, ಬೈಯಿ, ನಿಲ್ಲಿಸಬೇಡ. ನಿನ್ನ ಭಾವ. ಎಣ್ಣೆ ಬದಲಾಯಿಸೋದೆಲ್ಲ ಅವರೇ ಅಲ್ವಾ? ಬೇರೆ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಅವರು ಹೋದ ಮೇಲೆ ನಾನು ಎಣ್ಣೆ ಹಾಕಿದ್ದಷ್ಟೇ, ಬಟ್ಟಲು ಬಿಚ್ಚೇ ಇಲ್ಲ. ಪಕ್ಕದಲ್ಲಿ ಟಾರ್ಚು ಹಿಡಿದಿದ್ದೆನಲ್ಲ ನಾನು. ಹಳೇ ರಿಂಗು ತೆಗೀರಿ ಅಂದರೆ, ‘ಇರಲಿ ಬಿಡು, ಅದರ ಪಾಡಿಗೆ ಅದಿರುತ್ತೆ’ ಅಂದರು.” ಮಾತಿನ ನಡುವೆ ಅವಳಿಗೆ ಉಸಿರು ಸಾಲಲಿಲ್ಲ. “ಮನೆಗೆ ಬಂದ ನೆಂಟರನ್ನೇ ಕಳಿಸದವರು, ರಿಂಗು ಕಳಿಸ್ತಾರಾ?”

ಅರ್ಧನೂಲಿಗೆ ಮೊದಲು ಬಂದ ನಗು ಆಮೇಲೆ ನನಗೂ ಬಂತು. ಎಣ್ಣೆ ಮೆತ್ತಿದ ಮೂವರು ಶೆಡ್ಡಿನ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಟೀ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, “ಇವರಿಗೆಲ್ಲ ಏನಾಯ್ತು?” ಎಂದಳು. ಅರ್ಧನೂಲು ರಿಂಗಿನ ಚೂರೊಂದನ್ನು ಎತ್ತಿ ತೋರಿಸಿದ.

ಗಾಡಿಯನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದೇ ಒಂದು ಹೊಸ ರಿಂಗು ಇಟ್ಟೆ. ತಟ್ಟೆ ಬೆರಳಿನ ಒತ್ತಿಗೇ ಟಕ್ಕೆಂದು ಕೂತಿತು. ಅರ್ಧನೂಲು ಬಗ್ಗಿ ನೋಡಿದ, ಸುತ್ತ ಬೆರಳಾಡಿಸಿದ, ತಲೆ ಕೆರೆಯಲಿಲ್ಲ. ಹುಟ್ಟಿದಾಗಿನಿಂದ ಬರೀ ಸುಳ್ಳೇ ಹೇಳಿದ ಅವನ ಅರ್ಧ ನೂಲು ಆ ಒಂದು ದಿನ ನಿಜವಾಗಿತ್ತು. ಅದೇ ದಿನ ನಾನು ಅವನನ್ನು ಆಚೆ ಸರಿ ಎಂದದ್ದು. ಅದನ್ನು ಅವನು ಮರೆಯಲು ಬಿಡುತ್ತಿಲ್ಲ, ಇರಲಿ.

ಆ ಸಂಜೆ ಶುರುಮಾಡಿದಾಗ ಒಂದು ಹನಿ ಸೋರಲಿಲ್ಲ. ಆದರೂ ಅಕ್ಕ ಹಲಗೆ ಮತ್ತೆ ಹಾಕಲು ಒಪ್ಪಲಿಲ್ಲ. “ಬಿಸಿ ಎಂಜಿನ್ ಯಾರ ಹತ್ತಿರವಾದರೂ ಒಳ್ಳೆ ಮಾತೇ ಆಡುತ್ತೆ. ಬೆಳಿಗ್ಗೆ ತಣ್ಣಗಾದ ಮೇಲೆ ನೋಡೋಣ” ಎಂದು ಮನೆಗೆ ನಡೆದೇ ಹೋದಳು. ಸರಿಯಾದ ಮಾತೇ. ರಾತ್ರಿ ಕಳೆದ ಮೇಲೆ ಎಣ್ಣೆ ಮೇಲೆಯೇ ಉಳಿದಿದೆಯೋ ಇಳಿದಿದೆಯೋ ಅನ್ನುವುದೇ ಪರೀಕ್ಷೆ.

ಭಾನುವಾರ ನಾನು ಹಲ್ಲುಜ್ಜುವ ಮೊದಲೇ ಅವಳು ಶೆಡ್ಡಿನ ಮುಂದೆ ನಿಂತಿದ್ದಳು. ಬೀಗ ತೆಗೆದೆ. ಕಾರಿನ ಕೆಳಗೆ ಹಾಸಿದ್ದ ಹಳೇ ಪೇಪರು ಒಣಗಿಯೇ ಇತ್ತು. ಅವಳು ಕೂತಳು, ಕೀಲಿ ಹಾಕಿದಳು, ತಿರುಗಿಸುವ ಮೊದಲು ಎರಡೂ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ನಾನು ಏನೋ ಹೇಳಲು ಹೋದೆ. ಸ್ಕೇಲು ಎತ್ತಿ ತೋರಿಸಿದಳು. ಬಾಯಿ ಮುಚ್ಚಿಕೊಂಡೆ.

ತಿರುಗಿಸಿದಳು. ಕೆಂಪು ಕಣ್ಣು ಬೆಳಗಿತು, ನಾನು ಉಸಿರು ಒಳಗೆಳೆದೆ, ಹೊರಗೆ ಬಿಡುವಷ್ಟರಲ್ಲಿ ಅದು ಆರಿತ್ತು. ಬಡಿತವಿಲ್ಲ, ಕಟಕಟವಿಲ್ಲ. ಭಾವನ ಕಾಲದಲ್ಲೂ ಆ ಕಣ್ಣು ಇಷ್ಟು ಬೇಗ ಮುಚ್ಚಿದ್ದಿಲ್ಲ. ನಾನು ಬಾನೆಟ್ಟು ತಟ್ಟಿದೆ. ಅಕ್ಕ ಎಂಜಿನ್ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಅದರ ಸದ್ದು ಕೇಳುತ್ತಾ ಬಹಳ ಹೊತ್ತು ಕೂತಿದ್ದಳು. ಆಮೇಲೆ, “ಹಲಗೆ ತಾ” ಎಂದಳು.

ಸೋಮವಾರ ಹೋಟೆಲಿನವನು ಹಗ್ಗ, ಲಾರಿ, ಇಬ್ಬರು ಆಳು ಕಟ್ಟಿಕೊಂಡು ಬಂದ. ಹಲಗೆ ಕಾರಿನ ತಲೆಯ ಮೇಲಿತ್ತು. ಅಕ್ಕ ಅವನನ್ನು ಕೂರಿಸಿ ಟೀ ಕೊಟ್ಟು, “ಹೂಕುಂಡಕ್ಕೆ ಕ್ಲಚ್ ಬೇಕಾಗಿಲ್ಲ, ಬೇರೆ ನೋಡಿಕೊಳ್ಳಿ. ಅಂದ ಹಾಗೆ, ನಿಮಗೆ ಡ್ರೈವಿಂಗ್ ಬರುತ್ತಾ?” ಎಂದಳಂತೆ. ಬರುತ್ತಿರಲಿಲ್ಲ. ಲಾರಿ ವಾಪಸು ಕಳಿಸಿ, ಬುಧವಾರದಿಂದ ಕಲಿಯಲು ಬಂದ. ಅವನ ಮಂಡಿಯೂ ಸ್ಕೇಲಿನ ರುಚಿ ಕಂಡಿದೆ.

ಆ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು. “ಅತ್ತಿಗೆ ಯಾಕೆ ಮೊದಲು ಅಲ್ಲಿಗೆ ಹೋದರು ಗೊತ್ತಾ? ನನ್ನ ಹತ್ತಿರ ಹೇಳಿದರು. ‘ಬಿಳಿ ಅಂಗಿ ಮುಗೀತು ಅಂದರೆ ನಂಬದೇ ಇರಬಹುದು. ನನ್ನ ತಮ್ಮ ಮುಗೀತು ಅಂದುಬಿಟ್ಟರೆ ನಂಬಲೇಬೇಕಲ್ಲ. ಅದಕ್ಕೇ ಧೈರ್ಯ ಬರಲಿಲ್ಲ’ ಅಂದರು.”

ತುತ್ತು ಕೈಯಲ್ಲೇ ಉಳಿಯಿತು. “ಇದನ್ನು ನಿನಗೆ ಯಾಕೆ ಹೇಳಿದಳು? ನನಗೆ ಹೇಳಬೇಕಿತ್ತು” ಎಂದೆ.

“ನಿಮಗೆ ಹೇಳಿದರೆ ಕೂಗಾಡ್ತೀರಲ್ಲ.”

“ನಾನ್ಯಾವಾಗ ಕೂಗಾಡಿದ್ದೀನಿ?” ಎಂದೆ. ಅವಳು ಕಿವಿ ಮುಚ್ಚಿಕೊಂಡಳು.

ಕಾರು ಸರಿಹೋದ ದಿನ ಅಕ್ಕ, “ನಿನ್ನ ಕೆಲಸಕ್ಕೆ ಏನು ಕೊಡಲಿ?” ಎಂದು ಕೇಳಿದಾಗ, “‘ಮೊದಲು ನಿನ್ನ ಹತ್ತಿರವೇ ಬರಬೇಕಿತ್ತು’ ಅಂತ ನಿನ್ನ ಬಾಯಿಂದ ಒಂದು ಮಾತು ಹೇಳು, ಸಾಕು” ಎಂದಿದ್ದೆ. “ಆಗಲಿ, ಹೇಳ್ತೀನಿ” ಎಂದಳು. ಅಂದು ಹೇಳಲಿಲ್ಲ. ಈಗ ಎಣ್ಣೆ ಬದಲಾಯಿಸುವ ಕಾಲ ಬಂದಾಗಲೆಲ್ಲ ನೇರವಾಗಿ ನನ್ನ ಶೆಡ್ಡಿಗೇ ಬರುತ್ತಾಳೆ. ನಾನು ಹಳೇ ಡಬ್ಬಿ ಬಿಚ್ಚಿ, ಅದರ ರಿಂಗೂ ಡಬ್ಬಿಯ ಜೊತೆಯಲ್ಲೇ ಬಂದಿದೆಯಾ ಎಂದು ಅವಳಿಗೆ ತೋರಿಸಿ, ಹೊಸದು ಹಾಕುತ್ತೇನೆ. ಕೈ ಒರೆಸಿಕೊಂಡು ಎದುರಿಗೆ ನಿಲ್ಲುತ್ತೇನೆ. ಕಾಯುತ್ತೇನೆ ಎಂದು ಅವಳಿಗೂ ಗೊತ್ತು. ಅವಳು ಶುರುಮಾಡಿ, ಕೆಂಪು ಕಣ್ಣು ಮುಚ್ಚುವುದನ್ನು ನೋಡಿ, ನನ್ನ ಕಡೆ ತಿರುಗಿ, “ಪರವಾಗಿಲ್ಲ” ಎನ್ನುತ್ತಾಳೆ. ಕೈ ತೋರಿಸಿ, ತಿರುವಿನಲ್ಲಿ ತಿರುಗಿ ಹೋಗುತ್ತಾಳೆ. ಆ ಒಂದು ಮಾತು ನನಗೆ ಅವಳಿಂದ ಇನ್ನೂ ಬರಬೇಕಾಗಿದೆ.